ಕಿತ್ತು ಕಳಿಸಿ ಅನ್ನುವವರ ಎದುರು ಸಿಡಿಮಿಡಿ ಡಾಕ್ಟ್ರಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಆಸ್ಪತ್ರೆಯ ಹಿಂಭಾಗದಲ್ಲಿ, ಮುರಿದ ಮಂಚಗಳ ರಾಶಿಯ ಪಕ್ಕದ ಕೋಣೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಿದೆ. ಒಳಗೆ ಬೇಯುತ್ತಿರುವುದು ಅನ್ನವಲ್ಲ, ಇಕ್ಕಳ, ಕನ್ನಡಿ, ಸೂಜಿಯಷ್ಟು ತೆಳುವಾದ ಸರಳುಗಳು. ಉಪಕರಣಗಳನ್ನು ಶುದ್ಧಗೊಳಿಸುವ ಯಂತ್ರ ಕೆಟ್ಟು ವರ್ಷದ ಮೇಲಾಗಿದೆ. ದಂತವೈದ್ಯೆ ಕೇಳಿ ಕೇಳಿ ಸಾಕಾಗಿ, ಒಂದು ದಿನ ಮನೆಯ ಕುಕ್ಕರನ್ನೇ ಹೊತ್ತು ತಂದಿದ್ದಾರೆ.

“ಬರೀರಿ, ಇದನ್ನೂ ಬರೀರಿ,” ಎನ್ನುತ್ತಾರೆ ಬೆಂಕಿ ಸಣ್ಣಗೆ ಮಾಡುತ್ತಾ. “ಡಾಕ್ಟ್ರು ಎಷ್ಟು ಒಳ್ಳೆಯವರು ಅಂತ ಮಾತ್ರ ಬರೀಬೇಡಿ. ಯಂತ್ರ ಯಾಕೆ ರಿಪೇರಿ ಆಗಿಲ್ಲ ಅಂತ ಬರೀರಿ.”

ಆಸ್ಪತ್ರೆಯಲ್ಲಿ ಇವರಿಗೆ ಸಿಡಿಮಿಡಿ ಡಾಕ್ಟ್ರಮ್ಮ ಅಂತಲೇ ಹೆಸರು. ವಾರ್ಡ್ ಆಯಾಗಳು ಎದುರಿಗೇ ಹಾಗೆ ಕರೆಯುತ್ತಾರೆ. ಇವರಿಗೂ ಅದರ ಬಗ್ಗೆ ಬೇಜಾರಿಲ್ಲ.

ಬಾಗಿಲು ತೆರೆಯುವ ಹೊತ್ತಿಗೆ ಬೆಂಚು ಭರ್ತಿ. ಮೊದಲು ಒಳಗೆ ಬರುವವರು ಒಬ್ಬ ಮುದುಕ, ಬಡಗಿ. ಬದುಕಿಡೀ ಮೊಳೆಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೆಲಸ ಮಾಡಿದವರು. ದವಡೆಯ ಹಲ್ಲೊಂದು ಸೀಳಿದೆ. ಪೇಟೆಯ ಖಾಸಗಿ ಕ್ಲಿನಿಕ್ಕಿನವರು ಅದಕ್ಕೆ ಮತ್ತೆ ಮತ್ತೆ ಸಿಮೆಂಟು ತುಂಬಿ, ಇನ್ನೊಮ್ಮೆ ಬನ್ನಿ, ಇನ್ನೊಮ್ಮೆ ಬನ್ನಿ ಅಂತ ಓಡಾಡಿಸಿದ್ದಾರೆ. ಡಾಕ್ಟ್ರಮ್ಮ ತೆಳು ಸರಳನ್ನು ಹಲ್ಲಿನ ಸುತ್ತ ಒಸಡಿನ ಅಂಚಿನಲ್ಲಿ ಆಡಿಸುತ್ತಾರೆ. ಎಲ್ಲೂ ಇಳಿಯದ ಸರಳು ಒಂದೇ ಒಂದು ಕಡೆ ಆಳಕ್ಕೆ ಜಾರುತ್ತದೆ. ಅವರ ಹುಬ್ಬು ಗಂಟಾಗುತ್ತದೆ.

“ಹೇಗಾದ್ರೂ ಉಳಿಸಿಕೊಡು ತಾಯಿ,” ಎನ್ನುತ್ತಾರೆ ಬಡಗಿ.

“ಅಜ್ಜಾ, ಬೇರು ಉದ್ದಕ್ಕೂ ಸೀಳಿದೆ. ಸೀಳಿದ ಮರಕ್ಕೆ ನೀವು ಮೊಳೆ ಹೊಡೀತೀರಾ?”

“ಹೊಡೆದ್ರೆ ಇನ್ನಷ್ಟು ಸೀಳುತ್ತೆ.”

“ಮತ್ತೆ?”

ಅಜ್ಜ ಬಾಯಿ ಅಗಲ ಮಾಡುತ್ತಾರೆ. ಹಲ್ಲು ಹೊರಬಂದ ಮೇಲೆ ಡಾಕ್ಟ್ರಮ್ಮನ ಕೋಪ ಕ್ಲಿನಿಕ್ಕಿನವರ ಕಡೆ ತಿರುಗುತ್ತದೆ. “ಇದು ಸತ್ತಿದೆ ಅಂತ ಅವರಿಗೂ ಗೊತ್ತಿತ್ತು. ಸತ್ತ ಹಲ್ಲಿಗೆ ಸಿಂಗಾರ ಮಾಡ್ತಾ ಕೂತಿದ್ರು. ಕೀಳಬೇಕಾದ್ದನ್ನ ಅವರು ಕೀಳಲ್ಲ, ಉಳಿಸಬೇಕಾದ್ದನ್ನ ನಮ್ಮವರು ಉಳಿಸಲ್ಲ.”

ಎರಡನೆಯ ಮಾತಿನ ಅರ್ಥ ಮುಂದಿನ ರೋಗಿ ಒಳಗೆ ಬಂದಾಗ ಆಗುತ್ತದೆ. ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ವೇಳೆ ಕೂಗಿ ಹೇಳುವ ಹೆಣ್ಣುಮಗಳು ಈಕೆ. ಊರಿಗೆಲ್ಲ ದನಿ ಗೊತ್ತು, ಮುಖ ಗೊತ್ತಿಲ್ಲ. ಹಿಂದಿನ ಸಂಜೆ ಮನೆಗೆ ಹೊರಟಾಗ ನೂಕುನುಗ್ಗಲಿನಲ್ಲಿ ಬಸ್ಸಿನ ಬಾಗಿಲ ಕಂಬಿ ಬಾಯಿಗೆ ಬಡಿದಿದೆ. ಮೇಲಿನ ಮುಂಭಾಗದ ಹಲ್ಲು ಒಸಡಿನ ಹತ್ತಿರಕ್ಕೆ ಮುರಿದು, ನರ ಕೆಂಪಗೆ ಕಾಣುತ್ತಿದೆ. ಉಸಿರು ಎಳೆದರೂ ಜೀವ ಹೋಗುವಷ್ಟು ನೋವು. ಮನೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ, ಕೀಳಿಸಿಕೊಳ್ಳಮ್ಮ, ಎರಡು ನಿಮಿಷದ ಕೆಲಸ ಎಂದಿದ್ದಾರೆ.

“ಹಲ್ಲು ಹೋದ್ರೆ ‘ಸ’ ಅಂದಾಗ ಶಿಳ್ಳೆ ಬರುತ್ತೆ ಡಾಕ್ಟ್ರೇ. ಮೈಕಿನಲ್ಲಿ ಅದು ದೊಡ್ಡದಾಗಿ ಕೇಳುತ್ತೆ. ನಮ್ಮ ಸಾಹೇಬ್ರು ಈಗಲೇ ಅಂದ್ರು, ಶೌಚಾಲಯದ ಚೀಟಿ ಕೌಂಟರಿಗೆ ಹಾಕ್ತೀನಿ ಅಂತ. ನನ್ನ ಹತ್ರ ಇರೋದು ದನಿ ಒಂದೇ.”

ಉಳಿಸಬಹುದೋ ಇಲ್ಲವೋ ಹೇಳಲು ಒಳಗಿನ ಬೇರು ಕಾಣಬೇಕು. ಹಲ್ಲಿನ ಎಕ್ಸ್‌ರೇ ಯಂತ್ರವೂ ಕೆಟ್ಟು ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿದೆ. ಡಾಕ್ಟ್ರಮ್ಮ ಆಕೆಯ ಕೈ ಹಿಡಿದುಕೊಂಡು ಮೂಳೆ ವಿಭಾಗದ ಎಕ್ಸ್‌ರೇ ಕೋಣೆಗೆ ಹೊರಡುತ್ತಾರೆ. ನಾನೂ ಹಿಂದೆ ಓಡುತ್ತೇನೆ.

“ಇದು ಮೂಳೆಗೆ ಮೇಡಂ, ಹಲ್ಲಿಗಲ್ಲ,” ಎನ್ನುತ್ತಾನೆ ಅಲ್ಲಿನ ಸಿಬ್ಬಂದಿ.

“ಹಲ್ಲನ್ನೇನು ಹತ್ತೀಲಿ ಮಾಡಿರ್ತಾರಾ? ತೆಗೀರಿ!”

ಗದ್ದಲಕ್ಕೆ ಅಧೀಕ್ಷಕರೇ ಬರುತ್ತಾರೆ. “ಒಂದು ಹಲ್ಲಿಗೆ ಇಷ್ಟು ರಾದ್ಧಾಂತ ಯಾಕಮ್ಮಾ? ಹೊರಗೆ ಜನ ಕಾಯ್ತಿದ್ದಾರೆ. ಕಿತ್ತು ಕಳಿಸಿ.”

“ಬೆರಳಿಗೆ ಪೆಟ್ಟಾಗಿ ಬಂದವರಿಗೆ ಫೋಟೋನೂ ತೆಗೀದೆ ಬೆರಳು ಕತ್ತರಿಸಿ ಕಳಿಸ್ತೀರಾ ಸರ್?”

ಅಧೀಕ್ಷಕರು ಗಡಿಯಾರ ನೋಡಿಕೊಳ್ಳುತ್ತಾರೆ. “ಇದೊಂದು ಸಲ,” ಎಂದು ಹೊರಟುಹೋಗುತ್ತಾರೆ. ಪ್ರತಿ ಸಲವೂ ಹಾಗೇ ಹೇಳುತ್ತಾರಂತೆ.

ಕೇಳುತ್ತಾ ನಿಂತ ನನಗೂ ರಕ್ತ ಕುದಿಯುತ್ತದೆ. ತಿಂಗಳ ಸಭೆಯಲ್ಲಿ ಮೇಲಧಿಕಾರಿಗಳು ಎಷ್ಟು ಜನರನ್ನು ನೋಡಿದಿರಿ ಎಂದಷ್ಟೇ ಕೇಳುತ್ತಾರೆ, ಏನನ್ನು ಉಳಿಸಿದಿರಿ ಎಂದು ಯಾರೂ ಕೇಳುವುದಿಲ್ಲ. ಉಳಿಸುವ ಕೆಲಸಕ್ಕೆ ಹೊತ್ತು ಬೇಕು, ಕುರ್ಚಿ ಬೇಕು. ಇಲ್ಲದವರ ಬಾಯಿಗೆ ಅಷ್ಟು ಹೊತ್ತು ಕೊಡುವುದು ದಂಡ ಎಂದು ಯಾರು ತೀರ್ಮಾನಿಸಿದರು? ಕಡತಗಳಿಗೆ ಸಹಿ ಮಾಡುವ ಮಹನೀಯರು ತಮ್ಮ ಹಲ್ಲನ್ನು ಈ ಬೆಂಚಿನ ಮೇಲೆ ಕೂತು ತೋರಿಸಿದ್ದುಂಟೇ?

ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಡಾಕ್ಟ್ರಮ್ಮ ಬಹಳ ಹೊತ್ತು ನೋಡುತ್ತಾರೆ. ಬೇರು ಉದ್ದವಾಗಿದೆ, ಎಲ್ಲೂ ಬಿರುಕಿನ ಗೆರೆಯಿಲ್ಲ. ಸುತ್ತಲ ಮೂಳೆ ಗಟ್ಟಿಯಿದೆ. ಆದರೂ ಅವರು ತಕ್ಷಣ ಸೂಜಿ ಎತ್ತಿಕೊಳ್ಳುವುದಿಲ್ಲ. ಸ್ಟೂಲು ಎಳೆದುಕೊಂಡು ಆಕೆಯ ಎದುರು ಕೂರುತ್ತಾರೆ. ಬೆಳಗಿನಿಂದ ಮೊದಲ ಬಾರಿಗೆ ಅವರ ದನಿ ಇಳಿಯುತ್ತದೆ.

“ನೋಡಮ್ಮಾ, ಖಾತ್ರಿ ಅಂತ ನಾನು ಹೇಳಲ್ಲ. ಚೆನ್ನಾಗಿ ನೋಡ್ಕೊಂಡ್ರೆ ಬಹಳ ವರ್ಷ ಬರಬಹುದು, ಬೇಗ ಕೈಕೊಡಲೂಬಹುದು. ಕೈಕೊಟ್ರೆ ಅವತ್ತು ಕೀಳೋಣ. ಇವತ್ತೇ ಕಿತ್ತುಬಿಟ್ರೆ ಆ ಬೇರನ್ನ ಮತ್ತೆ ತರೋಕಾಗಲ್ಲ. ಹಲ್ಲು ನಿಂದು, ನೀನು ಹೇಳು.”

“ಉಳಿಸಿ,” ಎನ್ನುತ್ತಾಳೆ ಆಕೆ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ.

ಮರಗಟ್ಟಿಸಿ, ನರ ತೆಗೆದು, ಬೇರಿನ ಒಳಗನ್ನು ತೊಳೆದು ತುಂಬುತ್ತಾರೆ. ತೆಳು ಕಡ್ಡಿಯೊಂದನ್ನು ಊರಿ ಅದರ ಮೇಲೆ ಹಲ್ಲಿನ ಬಣ್ಣದ ಲೇಪದಿಂದ ಹೊಸ ಹಲ್ಲು ಕಟ್ಟುತ್ತಾರೆ. ಹೊರಗಿನ ಬೆಂಚಿನಲ್ಲಿ ಗೊಣಗಾಟ ಏರುತ್ತದೆ. “ಕಾಯ್ರೀ! ನಿಮ್ಮ ಸರದೀಲಿ ನಿಮಗೂ ಇಷ್ಟೇ ಹೊತ್ತು ಕೊಡ್ತೀನಿ!” ಎಂದು ಒಳಗಿನಿಂದಲೇ ಗದರುತ್ತಾರೆ. ಗೊಣಗಾಟ ನಿಲ್ಲುತ್ತದೆ.

“ಎಲ್ಲಿ, ಏನಾದ್ರೂ ಕೂಗು.”

“ಫ್ರಯಾಣಿಕರ ಗಮನಕ್ಕೆ,” ಎನ್ನುತ್ತಾಳೆ ಆಕೆ ಮರಗಟ್ಟಿದ ತುಟಿಯಲ್ಲಿ. ಇಬ್ಬರೂ ನಗುತ್ತಾರೆ. ಮುಂದಿನ ವಾರಗಳಲ್ಲಿ ಹಲ್ಲಿನ ಮೇಲೆ ಗಟ್ಟಿ ಕ್ಯಾಪ್ ಕೂಡ ಕೂರುತ್ತದೆ. ಈ ಬರಹ ಅಚ್ಚಿಗೆ ಹೋಗುವಾಗ ಆಕೆ ಮೈಕಿನ ಮುಂದೆಯೇ ಇದ್ದಾಳೆ.

ಈ ಹಟ ಎಲ್ಲಿಂದ ಬಂತು? ಡಾಕ್ಟ್ರಮ್ಮನ ತಾಯಿ ಹೊಲಿಗೆ ಕೆಲಸದವರು. ಎಳೆ ಪ್ರಾಯದಲ್ಲೇ ಇಂಥದೇ ಒಂದು ಆಸ್ಪತ್ರೆಯಲ್ಲಿ ಅವರ ಮುಂಭಾಗದ ಹಲ್ಲುಗಳನ್ನೆಲ್ಲ ಒಂದೇ ಬೆಳಗ್ಗೆ ಕಿತ್ತಿದ್ದರು. “ಅಮ್ಮ ನಗೋದು ನಾನು ನೋಡೇ ಇಲ್ಲ. ಗಂಭೀರ ಸ್ವಭಾವ ಅಂದ್ಕೊಂಡಿದ್ದೆ. ಕಾಲೇಜಿಗೆ ಸೇರಿದ ಮೇಲೆ ಗೊತ್ತಾಯ್ತು, ಅರ್ಧದಷ್ಟು ಹಲ್ಲು ಉಳಿಸಬಹುದಿತ್ತು ಅಂತ. ಯಾರಿಗೂ ಪುರುಸೊತ್ತಿರಲಿಲ್ಲ.”

ಮನೆಯಲ್ಲೂ ಹೀಗೇ ಸಿಡುಕುತ್ತಾರಾ ಎಂದು ಅವರ ಯಜಮಾನರನ್ನು ಕೇಳಿದೆ. ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು ಅವರು. “ಮನೇಲಿ ಪಾಪ, ಮಾತೇ ಆಡಲ್ಲ. ಇದ್ದಬದ್ದ ಕೋಪವೆಲ್ಲ ಆಸ್ಪತ್ರೆಗೇ ಮೀಸಲು,” ಎಂದು ನಕ್ಕರು.

ಹೊರಡುವಾಗ ಡಾಕ್ಟ್ರಮ್ಮನಿಗೆ ನಾನೂ ಎಲ್ಲರ ಹಾಗೆ ಒಂದು ಮಾತು ಹೇಳಿದೆ: ಆರೋಗ್ಯ ನೋಡ್ಕೊಳ್ಳಿ, ಸ್ವಲ್ಪ ಕೋಪ ಕಡಿಮೆ ಮಾಡ್ಕೊಳ್ಳಿ.

ಅವರು ಕೈಗವಸು ಕಳಚುತ್ತಾ ನನ್ನತ್ತ ನೋಡಿದರು.

“ನನ್ನ ಕೋಪ ಹೋದ ದಿನ ನಾನೂ ಎಲ್ಲರ ಹಲ್ಲು ಕಿತ್ತು ಕಳಿಸ್ತಾ ಇರ್ತೀನಿ. ಬೇಗ ಮನೆಗೂ ಹೋಗಬಹುದು.”