ಮೊದಲು ಭೂಮಿ, ಆಮೇಲೆ ಲೇತ್

ರದ್ದಿಯವನು ಗೇಟಿನ ಹತ್ತಿರ ತಕ್ಕಡಿ ಹಿಡಿದು ನಿಂತಿದ್ದ. ನಿವೃತ್ತಿಯಾದ ಮೇಲೆ ಮನೆ ತುಂಬಾ ಬಿದ್ದಿದ್ದ ಹಳೆಯ ಪುಸ್ತಕಗಳನ್ನು ನೋಡಿ ನೋಡಿ ಸಾಕಾಗಿ ನಾನೇ ಅವನನ್ನು ಕರೆಸಿದ್ದೆ. ಕಟ್ಟು ಕಟ್ಟುವಾಗ ಬೈಂಡು ಕಿತ್ತುಹೋದ ಇಂಗ್ಲಿಷ್ ನಿಘಂಟೊಂದು ಕೈಜಾರಿ ಬಿದ್ದು, ಆರ್ ಅಕ್ಷರದ ಪುಟದಲ್ಲಿ ತೆರೆದುಕೊಂಡಿತು. ಪುಟದ ಅಂಚಿನಲ್ಲಿ ಹೆಬ್ಬೆರಳಿನ ಕಪ್ಪು ಗುರುತು. ಮೂಸಿ ನೋಡಿದೆ. ಎಣ್ಣೆಯ ವಾಸನೆ ಯಾವತ್ತೋ ಹೋಗಿತ್ತು, ಅಥವಾ ನನ್ನ ಮೂಗಿಗೇ ವಯಸ್ಸಾಗಿತ್ತು. ಆದರೂ ಅದು ಯಾರ ಬೆರಳು ಎಂದು ಯೋಚಿಸಬೇಕಾಗಲಿಲ್ಲ...

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಆಗ ವಿನೋಬನಗರದಲ್ಲಿ ಬಾಡಿಗೆಗೆ ಇದ್ದೆವು. ನಾನು ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ವಾರವೆಲ್ಲಾ ಕಿರುಚಿ ಗಂಟಲು ಹರಿದುಕೊಂಡವಳಿಗೆ ಭಾನುವಾರವೊಂದೇ ನನ್ನದು ಅನ್ನಿಸುತ್ತಿತ್ತು. ಅದರ ಮೇಲೂ ಮನೆಯ ಓನರಮ್ಮನ ಕಣ್ಣು ಬಿತ್ತು.

"ನನ್ ತಮ್ಮಂಗೆ ನಾಲ್ಕು ಇಂಗ್ಲಿಷ್ ಮಾತು ಕಲ್ಸ್ಕೊಡು ಮಾರಾಯ್ತಿ. ಗಲ್ಫಲ್ಲಿ ಕೆಲ್ಸ ಐತಂತೆ. ಇಂಟರ್‌ವ್ಯೂನಲ್ಲಿ ಎಲ್ಲಾ ಇಂಗ್ಲಿಷಲ್ಲೇ ಕೇಳ್ತಾರಂತೆ."

ಬಾಡಿಗೆಗೆ ಇರುವವರಿಗೆ ಓನರಮ್ಮನ ಮಾತೇ ವೇದವಾಕ್ಯ. ಗೊಣಗಿಕೊಂಡೇ ಒಪ್ಪಿದೆ.

ಓನರಮ್ಮನ ತಮ್ಮ ಭದ್ರಾವತಿಯವರು. ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕಬ್ಬಿಣ ಕಡೆದಿದ್ದರು. ಎಲ್ಲರೂ ಟರ್ನರ್ ಅನ್ನುತ್ತಿದ್ದರು, ಅಕ್ಕನೂ ಹಾಗೆಯೇ ಕರೆಯುತ್ತಿದ್ದರು. ವರ್ಕ್‌ಶಾಪಿಗೆ ಬೀಗ ಬಿದ್ದಿತ್ತು. ವಯಸ್ಸು ನಲವತ್ತೈದು ದಾಟಿತ್ತು, ಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಬಾಕಿ. ಈ ಗಲ್ಫ್ ಕೆಲಸ ತಪ್ಪಿದರೆ ಮತ್ತೆ ಲೇತ್ ಮುಟ್ಟುವ ಭಾಗ್ಯವಿಲ್ಲ ಎಂದು ಮೊದಲ ದಿನವೇ ಹೇಳಿದರು. ಭಾನುವಾರ ಹತ್ತು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ಸಿಳಿದು ಬರುತ್ತಿದ್ದರು. ಬೆರಳ ಗೆರೆಗಳಲ್ಲಿ ಕೂತ ಕಪ್ಪು ಮಾತ್ರ ಯಾವ ಸೋಪಿಗೂ ಹೋಗಿರಲಿಲ್ಲ.

ಕೂತ ಐದು ನಿಮಿಷಕ್ಕೆ ತಲೆ ಎತ್ತಿ, "ಮೇಡಂ, ನಿಮ್ ಫ್ಯಾನ್ ಬೇರಿಂಗ್ ಹೋಗ್ತಾ ಇದೆ" ಅಂದರು. ನನಗೆ ಯಾವ ಸದ್ದೂ ಕೇಳಿಸಿರಲಿಲ್ಲ. ಹದಿನೈದು ದಿನಕ್ಕೆ ಫ್ಯಾನ್ ನಿಂತಿತು. ಅವರೇ ಬಿಚ್ಚಿ ಸರಿ ಮಾಡಿಕೊಟ್ಟರು.

ಅವರು ಮೊದಲು ಕೇಳಿದ್ದೇ ತಿರುಗುವುದರ ಬಗ್ಗೆ. "ನನ್ ಕೆಲ್ಸದಲ್ಲಿ ಎಲ್ಲಾ ತಿರುಗೋದೇ ಮೇಡಂ. ಅದನ್ನ ಇಂಗ್ಲಿಷಲ್ಲಿ ಹ್ಯಾಗ್ ಹೇಳೋದು?"

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎಂಟನೇ ಕ್ಲಾಸಿನ ಮಕ್ಕಳಿಗೆ ವರ್ಷ ವರ್ಷವೂ ಬರೆಸುತ್ತಿದ್ದ ನೋಟ್ಸ್ ತಯಾರಿತ್ತಲ್ಲ! ತನ್ನ ಸುತ್ತ ತಾನೇ ತಿರುಗಿದರೆ ರೊಟೇಟ್, ಇನ್ನೊಂದರ ಸುತ್ತ ತಿರುಗಿದರೆ ರಿವಾಲ್ವ್. ಬುಗುರಿಯ ಹಾಗೆ ಜೋರಾಗಿ ತಿರುಗಿದರೆ ಸ್ಪಿನ್, ತರಗೆಲೆ ಸುಳಿಗಾಳಿಗೆ ಸಿಕ್ಕಿದರೆ ವರ್ಲ್. ಯಾವುದೂ ಹೊಳೆಯದಿದ್ದರೆ ಟರ್ನ್. ಪ್ರತಿಯೊಂದಕ್ಕೂ ಒಂದೊಂದು ವಾಕ್ಯ. ದಿ ಅರ್ತ್ ರೊಟೇಟ್ಸ್ ಆನ್ ಇಟ್ಸ್ ಆಕ್ಸಿಸ್. ದಿ ಅರ್ತ್ ರಿವಾಲ್ವ್ಸ್ ರೌಂಡ್ ದಿ ಸನ್. ಅವರು ನಿಘಂಟಿನ ಪುಟವನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದು, ತುಟಿ ಅಲ್ಲಾಡಿಸುತ್ತಾ ಉರು ಹೊಡೆಯುತ್ತಿದ್ದರು. ನಾನು ಅತ್ತ ಕಾಂಪೋಸಿಷನ್ ತಿದ್ದುತ್ತಾ ತೂಕಡಿಸುತ್ತಿದ್ದೆ.

ಒಂದು ಭಾನುವಾರ ಪೆನ್ನು ಕೆಳಗಿಟ್ಟು, ಹಿಂದೆಮುಂದೆ ನೋಡಿ ಕೇಳಿದರು. "ಮೇಡಂ, ನಮ್ ಲೇತಲ್ಲಿ ಚಕ್ ಇರುತ್ತಲ್ಲ, ಅದಕ್ಕೆ ಇದ್ರಲ್ಲಿ ಯಾವ್ದು ಹಾಕ್ಬೇಕು?"

ಚಕ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಲೇತನ್ನೇ ನಾನು ಕಣ್ಣಾರೆ ಕಂಡವಳಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಮೊದಲು ಭೂಮಿ ಮುಗಿಸೋಣ, ಲೇತ್ ಆಮೇಲೆ" ಅಂದೆ.

"ಸರಿ ಮೇಡಂ" ಎಂದು ಮತ್ತೆ ಪೆನ್ನು ತೆಗೆದುಕೊಂಡರು. ಇನ್ನೊಂದು ಸಲ ಕೇಳಲಿಲ್ಲ. ಎರಡು ತಿಂಗಳಲ್ಲಿ ಎಲ್ಲಾ ವಾಕ್ಯಗಳೂ ನೀರು ಕುಡಿದಷ್ಟು ಸಲೀಸಾಗಿ ಬಾಯಿಗೆ ಬಂದವು.

ಮಂಗಳೂರಿನಲ್ಲಿ ಇಂಟರ್‌ವ್ಯೂ ಮುಗಿಸಿ ಬಂದವರು ನಮ್ಮ ಮನೆಗೆ ಅರ್ಧ ಕೇಜಿ ಪೇಡ ತಂದರು. "ಸೆಲೆಕ್ಟ್ ಆಯ್ತು ಮೇಡಂ. ವೀಸಾ ಒಂದ್ ಬರ್ಬೇಕು." ಅದೇ ತಿಂಗಳು ನಾವು ರವೀಂದ್ರನಗರಕ್ಕೆ ಮನೆ ಬದಲಾಯಿಸಿದೆವು. ಓನರಮ್ಮನ ಒಡನಾಟವೂ ಅಲ್ಲಿಗೆ ನಿಂತಿತು. ಆಮೇಲೆ ಎಷ್ಟೋ ವರ್ಷ ನನ್ನ ಕ್ಲಾಸಿನಲ್ಲಿ ಇದೇ ರಾಗ. ಲೇತ್ ಹಿಡಿದವರು ಕಲಿತು ಗಲ್ಫಿಗೆ ಹೋದರು, ನಿಮಗೇನು ಧಾಡಿ?

ಐದಾರು ವರ್ಷದ ಮೇಲೆ ಒಂದು ಮದುವೆಗೆಂದು ಭದ್ರಾವತಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಕಬ್ಬಿನ ಹಾಲಿನ ಗಾಡಿ ಕಂಡು ನಿಂತೆ. ದೊಡ್ಡ ಚಕ್ರವನ್ನು ಎರಡು ಕೈಯಲ್ಲಿ ತಿರುಗಿಸುತ್ತಿದ್ದವರು ತಲೆ ಎತ್ತಿದರು.

"ಅಯ್ಯೋ, ಮೇಡಂ! ಕೂತ್ಕೊಳಿ ಕೂತ್ಕೊಳಿ. ಐಸ್ ಹಾಕ್ಲಾ, ಬ್ಯಾಡ್ವಾ?"

"ಗಲ್ಫಿಂದ ಯಾವಾಗ ಬಂದ್ರಿ?"

ಚಕ್ರ ನಿಂತಿತು. ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡರು. "ಹೋಗೇ ಇರ್ಲಿಲ್ಲ ಮೇಡಂ. ಒಂದು ಡ್ರಾಯಿಂಗ್ ಮುಂದಿಟ್ಟು, ಇದನ್ನ ಲೇತಲ್ಲಿ ಹ್ಯಾಗ್ ಮಾಡ್ತೀಯ, ಇಂಗ್ಲಿಷಲ್ಲಿ ಹೇಳು ಅಂದ್ರು. ನೀವ್ ಹೇಳ್ಕೊಟ್ಟಿದ್ದೇ ಹೇಳ್ದೆ. ದಿ ಅರ್ತ್ ರೊಟೇಟ್ಸ್ ಆನ್ ಇಟ್ಸ್ ಆಕ್ಸಿಸ್. ಒಂದಕ್ಷರ ತಪ್ಪಿರ್ಲಿಲ್ಲ. ಅವ್ರು ನಕ್ಬಿಟ್ರು."

"ಮತ್ತೆ ಪೇಡ...?"

"ನೀವ್ ಭಾನ್ವಾರ ಎಲ್ಲಾ ನಂಗೋಸ್ಕರ ಬಿಟ್ಕೊಟ್ಟಿದ್ರಿ. ಬೇಜಾರ್ ಮಾಡ್ಕೋಬಾರ್ದು ಅಂತ."

ಅವರು ಕೊಟ್ಟ ಗ್ಲಾಸನ್ನು ಗಾಡಿಯ ಮೇಲಿಟ್ಟೆ. ಕೇಳಲೇಬೇಕಾಗಿದ್ದ ದಿನ ಕೇಳದೆ ಬಿಟ್ಟಿದ್ದನ್ನು ಕೇಳಿದೆ. "ಚಕ್ ಅಂದ್ರೆ ಏನು?"

ಅವರ ಮುಖ ಅರಳಿತು. ಒಂದು ಕಬ್ಬಿನ ತುಂಡು ತೆಗೆದುಕೊಂಡು ಅದರ ತುದಿಯನ್ನು ಎಡಗೈ ಬೆರಳುಗಳಲ್ಲಿ ಬಿಗಿಯಾಗಿ ಹಿಡಿದರು. "ಈ ಕಬ್ಬೇ ಜಾಬು, ಅಂದ್ರೆ ಕಡೆಯೋ ಕಬ್ಬಿಣ, ಅನ್ಕೊಳಿ. ಈ ಕೈ ಚಕ್ಕು, ಹಿಂಗ್ ಹಿಡ್ಕೊಳುತ್ತೆ. ಇದು ತಿರುಗುದ್ರೆ ಅದೂ ತಿರುಗುತ್ತೆ. ಟೂಲ್ ತಿರುಗಲ್ಲ. ಅದು ಮೆಲ್ಲಗೆ ನೆಟ್ಟಗೆ ಬಂದು ಕಡಿಯುತ್ತೆ, ಅಷ್ಟೆ."

ನಾನು ನಿಧಾನವಾಗಿ ಹೇಳಿದೆ. ದಿ ಚಕ್ ರೊಟೇಟ್ಸ್. ದಿ ಜಾಬ್ ರೊಟೇಟ್ಸ್. ದಿ ಟೂಲ್ ಡಸ್ ನಾಟ್ ರೊಟೇಟ್.

ಅವರು ಹಳೆಯ ಅಭ್ಯಾಸದಂತೆ ತುಟಿ ಅಲ್ಲಾಡಿಸಿ ಮೂರನ್ನೂ ಹೇಳಿಕೊಂಡರು. ಆಮೇಲೆ ಕಬ್ಬಿನ ತುಂಡನ್ನೇ ನೋಡುತ್ತಾ ಕೇಳಿದರು.

"ಇಷ್ಟೇನಾ ಮೇಡಂ?"

ಅಷ್ಟರಲ್ಲಿ ಇನ್ಯಾರೋ ಎರಡು ಗ್ಲಾಸ್ ಕೇಳಿದರು, ಅವರು ಚಕ್ರದ ಕಡೆಗೆ ಹೋದರು...

ಅವರು ತೀರಿಹೋಗಿ ಈಗ ನಾಲ್ಕು ವರ್ಷವಾಯಿತಂತೆ. ಹಳೆಯ ಓನರಮ್ಮ ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕಾಗ ಹೇಳಿದರು. ಮಗಳು ನರ್ಸಿಂಗ್ ಮುಗಿಸಲಿಲ್ಲವಂತೆ. ಅದನ್ನು ನಾನು ಕೇಳಿರಲಿಲ್ಲ, ಅವರಾಗಿಯೇ ಹೇಳಿದರು.

"ಅಮ್ಮಾ, ಆ ದಪ್ಪ ಪುಸ್ತಕ?" ಎಂದ ರದ್ದಿಯವನು. ಅದನ್ನು ಕೊಡಲಿಲ್ಲ. ಅದೇ ಭೂಮಿ, ಅದೇ ಸೂರ್ಯ ಇದ್ದ ನೋಟ್ಸಿನ ಕಟ್ಟುಗಳನ್ನು ಎತ್ತಿ ತಕ್ಕಡಿಗೆ ಹಾಕಿದೆ. ಆ ಭಾನುವಾರ ಗೊತ್ತಿಲ್ಲ ಅಂದಿದ್ದರೆ ನನ್ನದು ಹೋಗುತ್ತಿದ್ದುದು ಚೂರು ಮರ್ಯಾದೆ. ಅದನ್ನು ಉಳಿಸಿಕೊಂಡೆ.