ಬಸವ ಜಯಂತಿಯ ತೊಟ್ಟಿಲು

ಆಳಂದದ ಬೇಸಿಗೆಯಲ್ಲಿ ನೀರು ಕಾಯಿಸಲು ಒಲೆ ಬೇಡ. ಹಿಂದಿನ ದಿನ ತೊಟ್ಟಿಯಲ್ಲಿ ತುಂಬಿಟ್ಟದ್ದು ಬೆಳಗಿನ ಐದಕ್ಕೂ ಕೈಗೆ ಬೆಚ್ಚಗೆ ಹತ್ತುತ್ತದೆ. ಮಂಗಳೂರಿನಿಂದ ಬಂದ ಹೊಸತರಲ್ಲಿ, ಯಾರೋ ನನಗಿಂತ ಮೊದಲೇ ಎದ್ದು ಕಾಯಿಸಿಟ್ಟಿದ್ದಾರೆ ಎಂದುಕೊಂಡು ಬೆಚ್ಚಿದ್ದೆ.

ಎಂಬತ್ತರ ದಶಕದ ಆರಂಭ, ನಾವು ಬಂದು ಮೂರನೆಯ ಬೇಸಿಗೆ. ಆ ಬೆಳಿಗ್ಗೆಯೂ ಎಂದಿನಂತೆ ಅಂಗಳಕ್ಕೆ ನೀರು ಚಿಮುಕಿಸಿದೆ. ಕ್ಷಣದಲ್ಲಿ ಒಣಗಿತು. ರಂಗೋಲಿ ಹಾಕಿ ಹಾಲು ಕಾಯಲಿಟ್ಟೆ. ಅಕ್ಕಪಕ್ಕದ ಮನೆಗಳಿಂದ ರೊಟ್ಟಿ ಬಡಿಯುವ ಸದ್ದು ಮಾತ್ರ ಇರಲಿಲ್ಲ. ಬದಲಿಗೆ ಬೆಲ್ಲದಲ್ಲಿ ಕುದಿಯುವ ಕಡಲೆಬೇಳೆಯ ವಾಸನೆ. ಬಸವ ಜಯಂತಿ. ನನ್ನವರ ಕಚೇರಿಗೆ ರಜೆ, ಅವರು ಇನ್ನೂ ಮಲಗಿದ್ದರು. ನಮ್ಮ ಕಡೆ ಈ ರಜೆ ಕ್ಯಾಲೆಂಡರಿನ ಕೆಂಪು ಅಂಕಿ ಅಷ್ಟೇ. ಇಲ್ಲಿ ಅದು ಮನೆಯಲ್ಲಿ ಗಂಡುಮಗು ಹುಟ್ಟಿದ ದಿನ.

ಈ ಹಬ್ಬದ ಚರಿತ್ರೆಯನ್ನು ನಾನು ಕಲಿತದ್ದು ಪಕ್ಕದ ಮನೆಯ ಶಾಂತಾಬಾಯಿಯವರಿಂದ. ನಿಜಾಮನ ಕಾಲದಲ್ಲಿ ಈ ದಿನಕ್ಕೆ ರಜೆ ಇರಲಿಲ್ಲವಂತೆ. ನಿಂಬರ್ಗಾದ ಅವರ ಅತ್ತೆ ಒಳಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿ, ಕೂಸನ್ನು ಮಲಗಿಸಿ, ಬಸವ ಎಂದು ಹೆಸರಿಟ್ಟು ಹಾಡುತ್ತಿದ್ದರಂತೆ. ರಾಜ್ಯ ಒಂದಾಗಿ ರಜೆ ಸಿಕ್ಕ ಮೇಲೆ ಸಿಂಗರಿಸಿದ ಎತ್ತು, ಟ್ರ್ಯಾಕ್ಟರು, ಮೈಕು ಎಲ್ಲ ಬಂದವು. ಅವು ಗಂಡಸರ ಪಾಲಾದವು. ತೊಟ್ಟಿಲು ಹೆಂಗಸರಲ್ಲೇ ಉಳಿಯಿತು. ಕಲ್ಯಾಣದಲ್ಲಿ ಚಪ್ಪಲಿ ಹೊಲಿಯುವವನ ಮಗನಿಗೆ ಬ್ರಾಹ್ಮಣನ ಮಗಳನ್ನು ಕೊಟ್ಟ ಕಥೆಯನ್ನು, ಅದಕ್ಕಾಗಿ ಹರಿದ ನೆತ್ತರಿನ ಕಥೆಯನ್ನು ಅವರು ತೊಗರಿಬೇಳೆ ಆರಿಸುತ್ತ ಹೇಳಿದ್ದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ಅದು ಸುಳ್ಳಲ್ಲ.

ಅಲ್ಲಿ ಹೊಂದಿಕೊಂಡೆಯಾ ಎಂದು ತವರಿನವರು ಪ್ರತಿ ಪತ್ರದಲ್ಲೂ ಕೇಳುತ್ತಿದ್ದರು. ಎರಡು ವರ್ಷ ನನ್ನ ಕನ್ನಡ ಕೇಳಿ ಓಣಿಯವರು ಸೆರಗು ಬಾಯಿಗಿಟ್ಟು ನಕ್ಕರು. ಪುಸ್ತಕ ಓದಿದಂತೆ ಮಾತಾಡುತ್ತೇನಂತೆ. ನನ್ನ ರೊಟ್ಟಿ ಹರಿಯುತ್ತಿತ್ತು. ಆ ವರ್ಷ ಮೊದಲ ಸಲ, ಕೂಸನ್ನು ತೊಟ್ಟಿಲಿನ ಮೇಲಿಂದ ಕೆಳಗಿಂದ ಕೈಯಿಂದ ಕೈಗೆ ದಾಟಿಸುವ ಐವರಲ್ಲಿ ನನ್ನನ್ನೂ ಕರೆದಿದ್ದರು. ಅಂದು ನನಗೆ ಬೇಕಾಗಿದ್ದದ್ದು ಅದೊಂದೇ: ಆ ಸಾಲಿನಲ್ಲಿ ಒಂದು ಜಾಗ.

ಪ್ರತಿವರ್ಷ ಓಣಿಯ ಎಳೆಗೂಸೊಂದನ್ನು ಮಲಗಿಸುವುದು ವಾಡಿಕೆ. ಆ ವರ್ಷ ಮಲಗಿಸಬೇಕಿದ್ದ ಶಾಂತಾಬಾಯಿಯವರ ಮೊಮ್ಮಗನಿಗೆ ಆ ಬೆಳಿಗ್ಗೆ ಜ್ವರ ಬಂತು. ಬಸವಣ್ಣನ ಫೋಟೋ ಇಟ್ಟರಾಯಿತು ಬಿಡಿ ಎಂದರು ಅವರು. ಕೂಸನ್ನು ನಾನು ತರುತ್ತೇನೆ ಎಂದೆ.

ನಮ್ಮ ಹಿತ್ತಿಲು ಗುಡಿಸಿ ಕಸ ಒಯ್ಯುವ ಭೀಮವ್ವನಿಗೆ ಆರು ತಿಂಗಳ ಮಗನಿದ್ದ. ಮಂಗಳೂರಿನಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಕ್ರಿಸ್‌ಮಸ್ ನಾಟಕಕ್ಕೆ ಸಿಸ್ಟರ್ ಅನಾಥಾಲಯದ ಯಾವುದಾದರೊಂದು ಶಿಶುವನ್ನು ಎತ್ತಿ ತಂದು ಬಾಲಯೇಸುವೆಂದು ಗೋದಲಿಯಲ್ಲಿ ಮಲಗಿಸುತ್ತಿದ್ದರು. ಯಾರ ಮಗು ಎಂದು ಅಲ್ಲಿ ಒಬ್ಬರೂ ಕೇಳುತ್ತಿರಲಿಲ್ಲ. ಇಲ್ಲಿಯೂ ಹಾಗೆಯೇ ಎಂದುಕೊಂಡೆ.

“ಬ್ಯಾಡ್ರಿ ಅಮ್ಮಾರ,” ಎಂದಳು ಭೀಮವ್ವ. “ನಿಮಗ ತಿಳಿಯೂದಿಲ್ಲ.”

ಬಸವಣ್ಣನ ದಿನವೇ ಅಲ್ಲವೇ ಎಂದು ನಕ್ಕು ನಾನೇ ಕೂಸಿಗೆ ಎರೆದೆ. ನನ್ನ ಪೆಟ್ಟಿಗೆಯಲ್ಲಿ ಬಹಳ ವರ್ಷಗಳಿಂದ ಮಡಿಸಿಟ್ಟಿದ್ದ ಕಸೂತಿಯ ಅಂಗಿ ತೊಡಿಸಿದೆ. ಕುತ್ತಿಗೆಯ ಗುಂಡಿ ಸರಿಯಾಗಿ ಕೂತಿತು.

ಶಾಂತಾಬಾಯಿಯವರ ಪಡಸಾಲೆ ತುಂಬಿತ್ತು. ನನ್ನವರ ಕಚೇರಿಯ ಯಾರದೋ ಮಗು ಎಂದುಕೊಂಡರೇನೋ, ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೂಸು ಕೈಯಿಂದ ಕೈಗೆ ದಾಟಿತು. ಮುದುಕಿಯೊಬ್ಬರು ಹಣೆಗೆ ವಿಭೂತಿ ಹಚ್ಚಿ ನೆಟಿಕೆ ಮುರಿದು ದೃಷ್ಟಿ ತೆಗೆದರು. ಜೋಗುಳ ಎದ್ದಿತು.

ಮೂರನೆಯ ಹಾಡಿಗೆ ಕೂಸು ಹಸಿದು ಅಳತೊಡಗಿತು. ಬೇವಿನ ಮರದ ಕೆಳಗೆ ಕಾಯುತ್ತಿದ್ದ ಭೀಮವ್ವ ಅಳು ಕೇಳಿ ಹೊಸ್ತಿಲವರೆಗೆ ಬಂದಳು. ಅವಳ ಕುಪ್ಪಸದ ಮುಂಭಾಗ ಹಾಲಿನಿಂದ ಒದ್ದೆಯಾಗಿತ್ತು. ಎಲ್ಲರೂ ಅದನ್ನು ನೋಡಿದರು. ಆಮೇಲೆ ಕೂಸನ್ನು ನೋಡಿದರು.

ಹಾಡು ಸಾಲಿನ ನಡುವೆಯೇ ನಿಂತಿತು. ತೊಟ್ಟಿಲಿನ ಹಗ್ಗ ಹಿಡಿದಿದ್ದ ಕೈಗಳು ಒಂದೊಂದಾಗಿ ಹಿಂದೆ ಸರಿದವು. ಕೂಸು ಕಿರುಚಿ ಕಿರುಚಿ ಮುಖ ಕಪ್ಪಿಟ್ಟಿತು. ಎತ್ತುವವರಿಲ್ಲ. ಭೀಮವ್ವ ಹೊಸ್ತಿಲ ಮೇಲೆ ಎತ್ತಿದ ಕಾಲನ್ನು ಮತ್ತೆ ಹೊರಗಿಟ್ಟು ನನ್ನ ಕಡೆ ನೋಡಿದಳು. ತೊಟ್ಟಿಲು ನನಗೆ ಒಂದು ಕೈಯಳತೆಯಲ್ಲಿತ್ತು. ನಾನು ಶಾಂತಾಬಾಯಿಯವರ ಮುಖ ನೋಡಿದೆ. ಕಾನ್ವೆಂಟಿನಲ್ಲಿ ಊಟಕ್ಕೆ ಮುಂಚೆ ಹೇಳುತ್ತಿದ್ದ ಪ್ರಾರ್ಥನೆ ಪೂರ್ತಿ ಮುಗಿಯುವಷ್ಟು ಹೊತ್ತು ನೋಡಿದೆ.

ಕೊನೆಗೆ ಭೀಮವ್ವನೇ ಒಳಗೆ ಬಂದಳು. ಹೆಂಗಸರು ಸೆರಗು ಬಿಗಿದುಕೊಂಡು ಗೋಡೆಗೆ ಒತ್ತಿ ನಿಂತರು. ಅವಳು ಅಂಗಿ ಬಿಚ್ಚಿ ತೊಟ್ಟಿಲಲ್ಲೇ ಬಿಟ್ಟು, ಬರಿಮೈಯ ಕೂಸನ್ನು ಹೆಗಲಿಗೆ ಹಾಕಿಕೊಂಡಳು.

“ನಾ ಹೇಳಿದ್ನಿಲ್ರಿ ಅಮ್ಮಾರ,” ಎಂದಳು, ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ.

ನೆಲ ತೊಳೆದರು. ತೊಟ್ಟಿಲಿನ ಹಾಸಿಗೆ ಬದಲಿಸಿ, ಗೋಮೂತ್ರ ಚಿಮುಕಿಸಿ, ಬಸವಣ್ಣನ ಫೋಟೋ ಮಲಗಿಸಿ ಮೊದಲಿನಿಂದ ಹಾಡಿದರು. ನಾನೂ ಹಾಡಿದೆ. ಹೋಳಿಗೆ, ಮಾವಿನ ಶೀಕರಣೆ ಬಡಿಸಿದರು; ಸಾಲಿನಲ್ಲಿ ಕೂತು ಉಂಡೆ. ಮಧ್ಯಾಹ್ನ ಓಣಿಯಲ್ಲಿ ಮೆರವಣಿಗೆ ಹೋಯಿತು. ಮೇಲು ಕೀಳು ಎಂಬುದಿಲ್ಲ ಎಂದು ಮೈಕು ಒದರುತ್ತಿತ್ತು. ಬಾಗಿಲಲ್ಲಿ ನಿಂತು ಕೈಮುಗಿದೆ.

ಸಂಜೆ ಶಾಂತಾಬಾಯಿಯವರು ಕೈಯಲ್ಲಿ ಬಟ್ಟಲು ಹಿಡಿದು ಬಂದಾಗ ಮಾತು ಕೇಳಬೇಕಾಗುತ್ತದೆಂದು ಹೆದರಿದೆ. ಮಂಗಳೂರಿಗೆ ಹೊರಟುಬಿಡೋಣ ಅನ್ನಿಸಿತು. ಅಲ್ಲಿಯ ಮನೆಯ ಹಿತ್ತಿಲಿಗೆ ಯಾರು ಬರುತ್ತಿದ್ದರು, ಯಾವ ಬಾಗಿಲಿನಿಂದ ಬರುತ್ತಿದ್ದರು ಎಂಬುದೂ ಒಟ್ಟಿಗೇ ನೆನಪಾಯಿತು. ಶಾಂತಾಬಾಯಿಯವರು ಮೆಟ್ಟಿಲ ಮೇಲೆ ಕೂತು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಹೇಳಿದರು:

“ಹೊರಗಿನವ್ರು, ಓಡಿಹೋಗಿ ಎತ್ಕೋತಾರೇನೋ ಅಂತ ನನಗ ಅಂಜಿಕಿ ಇತ್ತು ನೋಡ್ರಿ ಅಕ್ಕಾರ. ನೀವು ಎತ್ತಲಿಲ್ಲ. ಈಗ ನಮ್ಮವ್ರ ಆದ್ರಿ ಬಿಡ್ರಿ. ಹೆಪ್ಪಿಗಿ ಒಂದೀಟು ಮಜ್ಜಿಗಿ ಇದ್ರ ಕೊಡ್ರಿ.”