ತುಂಗಾಳ ನಿದ್ದೆಯೂ ನನ್ನ ಹೂಬತ್ತಿಯೂ

ನಮ್ಮ ಮೊಮ್ಮಗಳು ತುಂಗಾ ಇವತ್ತು ಮಾನ್ವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೆ ಪಾಠ ಹೇಳಿ ಬಂದಳು! ಒಂದು ಸಲವೂ ತೂಕಡಿಸಲಿಲ್ಲ. ಅವಳ ಸೆರಗಿಗೆ ಮೆತ್ತಿದ ಸೀಮೆಸುಣ್ಣದ ವಾಸನೆ ಮೂಸುತ್ತ ನಿಂತುಬಿಟ್ಟೆ. ಇದರಲ್ಲೇನು ದೊಡ್ಡಸ್ತಿಕೆ ಅಂತೀರಾ? ಹೇಳುತ್ತೇನೆ, ಕೇಳಿ.

ಎರಡು ವರ್ಷದ ಹಿಂದೆ, ಆಗ ಮಹಾಯುದ್ಧ ಇನ್ನೂ ನಡೆದಿತ್ತು, ದೇವದುರ್ಗದಿಂದ ಬರುವಾಗ ಬಂಡಿ ಮಗುಚಿ ಅವಳ ತಲೆ ಕಲ್ಲಿಗೆ ಬಡಿಯಿತು. ರಾಯಚೂರಿನ ದವಾಖಾನೆಯಲ್ಲಿ ಹನ್ನೊಂದು ದಿನ ಕಣ್ಣು ತೆರೆಯಲಿಲ್ಲ. ತೆರೆದ ಮೇಲೆ ಇನ್ನೊಂದು ಗೋಳು: ಹಗಲು ರಾತ್ರಿಯ ಗೊತ್ತೇ ಇಲ್ಲ. ಚೂರು ನಿದ್ದೆ, ಚೂರು ಎಚ್ಚರ. ಎಚ್ಚರದಲ್ಲೂ ಹೊದ್ದ ಕೌದಿಯ ದಾರ ಕೀಳುತ್ತ ಕೂಡುವಳು.

ಮನೆಗೆ ಕರೆತಂದದ್ದೇ ತಡ, ಪಂಡಿತರು ಹುಟ್ಟಿಕೊಂಡರು. ಎಲ್ಲರಿಗಿಂತ ದೊಡ್ಡ ಪಂಡಿತ ನನ್ನ ಮೈದುನ. ಉಂಡು ಮೂರು ತಾಸು ಗೊರಕೆ ಹೊಡೆದು, ಎದ್ದು ಬಾಯಿ ಒರೆಸಿಕೊಂಡು ಉಪದೇಶ ಮಾಡುವ ಮಹಾನುಭಾವ.

"ವೈನಿ, ನಿದ್ದಿ ಅನ್ನೋದು ಒಂದು ಚಟ. ಮಾರಿಗೆ ನೀರು ಹೊಡದು ಎಬ್ಬಿಸ್ರಿ. ಇಲ್ಲಾಂದ್ರ ಸಾಲಿ ಕೆಲಸ ಹೋತು ಅಂತ ತಿಳ್ಕೋರಿ."

ಆಗಲೂ ಪಾಠ ಹೇಳುತ್ತಿದ್ದ ತುಂಗಾಳಿಗೆ ಶಾಲೆಯೆಂದರೆ ಜೀವ. ಆ ಮಾತಿಗೆ ಹೆದರಿ ನಾನೂ ನೀರು ಹೊಡೆದೆ. ಹುಡುಗಿ ಗಡಗಡ ನಡುಗಿ ಅತ್ತಳು. ಮೈದುನನಿಗಿಂತ ದೊಡ್ಡ ಪೆದ್ದಿ ನಾನೇ ಅಂದುಕೊಂಡು ತಂಬಿಗೆ ಕೆಳಗಿಟ್ಟೆ.

ನನಗೆ ಗಡಿಯಾರ ನೋಡಲು ಬಾರದು. ಅವಳ ಪಕ್ಕದಲ್ಲಿ ದೇವರಿಗೆ ಹೂಬತ್ತಿ ಹೊಸೆಯುತ್ತ ಕೂಡುತ್ತಿದ್ದೆ. ತಿಂಗಳ ಮೇಲೆ ದವಾಖಾನೆಯ ಡಾಕ್ಟರ್ ಸಾಹೇಬರು ಮನೆಗೆ ಬಂದು, "ಅಮ್ಮಾ, ಒಮ್ಮೆ ಮಲಗಿದ್ರ ಎಷ್ಟು ಹೊತ್ತು ಮಲಗ್ತಾಳ?" ಅಂದರು.

"ಮೊದಲ ಹತ್ತು ಬತ್ತಿ ಆಗೋದ್ರೊಳಗ ಏಳ್ತಿದ್ಲ್ರಿ. ಈಗ ನೂರಾದ್ರೂ ಏಳಂಗಿಲ್ಲ."

"ಕೇಳಿದ್ರ್ಯಾ? ಚಟ ಹೆಚ್ಚಾಗೇದ!" ಮೈದುನ ಗೆದ್ದವನಂತೆ ತೊಡೆ ತಟ್ಟಿದ.

"ನೀವು ಸುಮ್ಮನಿರ್ರಿ. ಎಚ್ಚರ ಎಷ್ಟು ಹೊತ್ತಮ್ಮಾ?"

"ಅದೂ ಉದ್ದ ಆಗೇದ್ರಿ. ನಿನ್ನೆ ಎದ್ದಾಗ ಹತ್ತಿ ಬಿಡಿಸಿ ಕೊಟ್ಲು."

ಸಾಹೇಬರ ಮುಖ ಅರಳಿತು. "ನಿದ್ದಿ-ಎಚ್ಚರದ ಚೂರೆಲ್ಲ ಕೂಡಾಕತ್ತಾವ. ತಲಿ ಸುಧಾರಿಸಾಕತ್ತದ. ಮಲಗಿದಾಗ ಮುಟ್ಟಬ್ಯಾಡ್ರಿ, ಎದ್ದಾಗ ಬೆಳಕಿನ್ಯಾಗ ಕೂಡಿಸಿ ಕೆಲಸ ಕೊಡ್ರಿ."

ಹಾಗೇ ಮಾಡಿದೆ. ಮೊದಲು ಹತ್ತಿ, ಆಮೇಲೆ ರಂಗೋಲಿ, ಆಮೇಲೆ ಪಾಟಿ-ಬಳಪ. ನಿದ್ದೆ ನಿಧಾನಕ್ಕೆ ರಾತ್ರಿಯ ಕಡೆ ಸರಿಯಿತು. ಪಂಡಿತರು ಒಬ್ಬೊಬ್ಬರೇ ಬಾಯಿ ಮುಚ್ಚಿದರು.

ಇವತ್ತು ಸಂಜೆ ಊಟಕ್ಕೆ ಎಲೆ ಹಾಕಿದಾಗ ಎಲ್ಲರಿಗಿಂತ ಮೊದಲು ಬಂದು ಕೂತವನು ಮೈದುನನೇ. "ಹುಡುಗಿ ಗಟ್ಟಿ ಅದಾಳಂತ ನಾ ಆವಾಗೇ ಹೇಳಿದ್ದೆ."

"ಹೌದ್ರಿ ಸಣ್ಣಜ್ಜಾ," ಅಂದಳು ತುಂಗಾ. "ನೀವು ಹೇಳೂಮುಂದ ನಂಗ ನಿದ್ದಿ ಹತ್ತಿತ್ತು, ಕೇಳಸಲಿಲ್ಲ."

ಮನೆ ತುಂಬ ನಗು. ಗಂಡಸರ ಊಟವಾದ ಮೇಲೆ ಹೆಂಗಸರು ಉಣ್ಣಲು ಕೂಡುವ ಮನೆ ನಮ್ಮದು. ಬಡಿಸುತ್ತಿದ್ದ ನನ್ನ ಕೈ ಹಿಡಿದು ಅವಳೆಂದಳು: "ಅಜ್ಜೀ, ಇವತ್ತ ಎಲ್ಲಾರೂ ಕೂಡೇ ಉಣ್ಣೋಣು. ನಾಳೆ ಸಾಲಿ ಅದ, ನಾ ಜಲ್ದಿ ಮಲಗಬೇಕು."

ನಮ್ಮ ಯಜಮಾನರು ತಮ್ಮ ಎಲೆ ಸರಿಸಿ ಜಾಗ ಮಾಡಿದರು. ಸೊಸೆಯಂದಿರೂ ಬಂದು ಕೂತರು. ನಾನು ತುಂಗಾಳ ಪಕ್ಕದಲ್ಲಿ ಕೂತು, ಮೈದುನನ ಅನ್ನಕ್ಕೂ ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ ಹಾಕಿದೆ.